ಹಗುರಿಯ ಎಡಗೈ

ಜೂನ್ 4

ಪುಟ್ಟಿ,

ಕ್ಷೇಮಸಮಾಚಾರದ ಸಾಲುಗಳನ್ನು ನೀನೇ ಸೇರಿಸಿಕೊಂಡು ಓದು, ನನಗೆ ಈಗ ಅಷ್ಟು ವ್ಯವಧಾನವಿಲ್ಲ. ನಮ್ಮ ಕಾಮಿಕ್ಸಿನ ಮುಂದಿನ ಸಂಚಿಕೆಯ ಕಥಾಸಾರಾಂಶ ನಿನ್ನೆ ಬಂತು. ಓದಿದೆ. ಚಹಾ ಮಾಡಿಕೊಂಡು ಬಂದು ಇನ್ನೊಮ್ಮೆ ಓದಿದೆ, ಮೊದಲ ಸಲ ನಾನೇ ತಪ್ಪಾಗಿ ಓದಿರಬಹುದು ಎಂಬ ಆಸೆಯಿಂದ. ಇಲ್ಲ, ಸರಿಯಾಗಿಯೇ ಓದಿದ್ದೆ.

ಹಗುರಿಗೆ ತಲೆ ಕೆಡುತ್ತದೆ. ಊರನ್ನು ಬುಡಸಮೇತ ಕಿತ್ತು ಆಕಾಶಕ್ಕೆ ತೇಲಿಬಿಡುತ್ತಾಳೆ. ಉಕ್ಕಣ್ಣ ಕಣ್ಣೀರು ಸುರಿಸುತ್ತಾ ಅವಳನ್ನು ಕೊಲ್ಲುತ್ತಾನೆ. ಶುಭಂ.

ಈ ಘನಕಾರ್ಯ ಯಾರ ತಲೆಯಿಂದ ಹೊರಟಿತು ಹೇಳು. ಅಣ್ಣನದಂತೂ ಅಲ್ಲ, ಅವನ ತಲೆಯಿಂದ ಕೂದಲು ಬಿಟ್ಟು ಇನ್ನೇನೂ ಹೊರಟಿದ್ದನ್ನು ನಾನು ಕಂಡಿಲ್ಲ. ನಮ್ಮ ಕಥೆಯನ್ನು ಸಿನಿಮಾ ಮಾಡಲು ಹೊರಟವರದ್ದೇ ಇರಬೇಕು. ಅಪ್ಪ ಹಗುರಿಯನ್ನು ಕಥೆಯೊಳಗೆ ಮೊದಲು ತಂದಾಗ ಅವಳ ಕೆಲಸ ಏನಿತ್ತು, ನೆನಪಿದೆಯಲ್ಲ? ಉಕ್ಕಣ್ಣನ ಜೊತೆ ಹೋಗುವುದು, ಅವನ ಚೀಲದ ಕಡೆ ಅಂಗೈ ಚಾಚಿ ಅದರ ಭಾರ ತೆಗೆಯುವುದು. ಅಷ್ಟೇ. ಅಪ್ಪ ಹೋದ ಮೇಲೆ ಕಥೆ ನಿನ್ನ ಕೈಗೆ ಬಂತು, ನೀನು ಅವಳಿಗೆ ಎತ್ತಲು ಹಡಗು ಕೊಟ್ಟೆ, ಬೆಟ್ಟ ಕೊಟ್ಟೆ. ಓದುಗರ ಕಾಗದಗಳೆಲ್ಲ ಉಕ್ಕಣ್ಣನನ್ನು ಬಿಟ್ಟು ಅವಳ ಹೆಸರಿಗೆ ಬರತೊಡಗಿದವು. ಅವಳ ಗ್ರಹಚಾರ ಕೆಟ್ಟಿತು ಅಂತ ಆಗಲೇ ನನಗೆ ಗೊತ್ತಾಗಬೇಕಿತ್ತು.

ಏಕೆಂದರೆ ಈ ಕಾಮಿಕ್ಸ್ ಲೋಕದಲ್ಲಿ ಇದು ಹಳಸಲು ಕಥೆ. ಹೆಣ್ಣು ತನ್ನ ಶಕ್ತಿಯಿಂದ ಬರೀ ಪೆನ್ಸಿಲ್ಲು ಅಲ್ಲಾಡಿಸುವವರೆಗೆ ಎಲ್ಲರಿಗೂ ಮುದ್ದು. ಗುಂಪಿನಲ್ಲಿರುವ ಗಂಡಸರೆಲ್ಲರಿಗಿಂತ ಅವಳ ಬಲ ಒಂದು ತೂಕ ಹೆಚ್ಚಾಯಿತೋ, ಆಮೇಲಿನ ಸಂಚಿಕೆಯಲ್ಲೇ ಅವಳಿಗೆ ತಲೆನೋವು, ಕೆಟ್ಟ ಕನಸು, ಬಿಳಿ ಕಣ್ಣು. ಗಂಡಸರು ಬಾಗಿಲು ಹಾಕಿಕೊಂಡು ಸಭೆ ಸೇರುತ್ತಾರೆ. ಅವಳನ್ನು ಅತಿಯಾಗಿ ಪ್ರೀತಿಸುವವನಿಗೇ ಕೊಲ್ಲುವ ಕೆಲಸ ವಹಿಸುತ್ತಾರೆ. ಸಿನಿಮಾ ಆದರೆ ಇನ್ನೂ ಚೆಂದ, ಅವಳು ಸಾಯುವ ಮುಂಚೆ ಅವನಿಗೆ ಥ್ಯಾಂಕ್ಸ್ ಬೇರೆ ಹೇಳುತ್ತಾಳೆ. ಉಕ್ಕಣ್ಣ ಇಷ್ಟು ವರ್ಷದಲ್ಲಿ ಎಷ್ಟು ಕಟ್ಟಡ ಕೆಡವಿದ್ದಾನೆ? ಅವನ ಕೈ ಮೀರಿತು ಅಂತ ಯಾರಾದರೂ ಒಂದು ಸಭೆ ಕರೆದರಾ? ಅವನು ಕೆಡವಿದರೆ ಶೌರ್ಯ.

ಇನ್ನೊಂದು ಸಣ್ಣ ಅನುಮಾನ. ಊರು ಆಕಾಶದಲ್ಲಿದೆ, ಅದನ್ನು ಹಿಡಿದುಕೊಂಡವಳನ್ನು ಕೊಂದರು. ಊರು ಏನಾಗುತ್ತದೆ? ಅದರಲ್ಲಿ ಜನ ಇದ್ದಾರೆ ಅಂತ ಸಿನಿಮಾದವರಿಗೆ ಯಾರಾದರೂ ಹೇಳಿದ್ದಾರಾ?

ಅಪ್ಪ ಹಾಕಿಕೊಟ್ಟ ಪದ್ಧತಿ ನನ್ನ ಕರ್ಮಕ್ಕೆ ಹೀಗಿದೆ. ಮೊದಲು ನನ್ನ ಚಿತ್ರ, ಚಿತ್ರಕ್ಕೆ ಅಣ್ಣನ ಸಹಿ, ಕೊನೆಗೆ ಪಾತ್ರಗಳ ಬಾಯಿಯ ಪಕ್ಕದ ಬಲೂನಿನೊಳಗೆ ನಿನ್ನ ಮಾತು. ಅಂದರೆ ಆ ಹುಚ್ಚು ಮೊದಲು ನನ್ನ ಕೈಯಿಂದಲೇ ಹುಟ್ಟಬೇಕು. ನನಗೆ ಮನಸ್ಸಿಲ್ಲ.

ಅಕ್ಕ

ಜೂನ್ 15

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಇಲ್ಲಿ ಅಣ್ಣ, ಅತ್ತಿಗೆ, ನಾನು ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕೋಣೆಯ ಮಾಡು ಸೋರುವುದು ನಿಂತಿತಾ? ಕೆಳಗಿನ ಸೈಕಲ್ ಅಂಗಡಿಯವರ ಸುತ್ತಿಗೆ ಸದ್ದಿಗೆ ಕೈ ನಡುಗುತ್ತದೆ ಎಂದು ಬರೆದಿದ್ದೆ, ಈಗ ಹೇಗಿದೆ?

ನೀನು ಹೇಳಿದ್ದು ನನಗೆ ಅರ್ಥವಾಗುತ್ತದೆ. ಆದರೆ ಈ ಸಂಚಿಕೆ ಬಂದ ಮೇಲೆ ಅದನ್ನೇ ಇಟ್ಟುಕೊಂಡು ಸಿನಿಮಾ ಮಾಡುತ್ತಾರಂತೆ, ಹಾಗಾಗಿ ಅವರ ಮಾತನ್ನೂ ಸ್ವಲ್ಪ ಕೇಳಬೇಕಾಗುತ್ತದೆ. ನಿರ್ದೇಶಕರು ಹೋದ ವಾರ ಪ್ರೆಸ್ಸಿಗೆ ಬಂದಿದ್ದರು. ಒಳಗೆ ಕೂತರೂ ಕಪ್ಪು ಕನ್ನಡಕ ತೆಗೆಯಲಿಲ್ಲ. "ಹೀರೋಯಿನ್‌ಗೆ ಇಷ್ಟು ಪವರ್ ಕೊಟ್ಟು ಸುಮ್ನೆ ಇಟ್ಕೊಂಡ್ರೆ ಜನ ಯಾಕೆ ನೋಡ್ತಾರೆ ಸಾರ್? ಕೈ ಮೀರ್ಬೇಕು. ಕಣ್ಣು ಪೂರ್ತಿ ಬಿಳಿ ಆಗ್ಬೇಕು" ಎಂದರು. ಅಣ್ಣ, "ನಾನೂ ಅದನ್ನೇ ಅಂದ್ಕೊಂಡಿದ್ದೆ ನೋಡಿ" ಎಂದ.

ಊರಿನ ಬಗ್ಗೆ ನಾನು ಕೇಳಿದೆ. "ಉಕ್ಕಣ್ಣ ಹೆಗಲು ಕೊಡ್ತಾನೆ ಬಿಡು" ಎಂದ ಅಣ್ಣ. ಇಡೀ ಊರಿಗಾ ಎಂದೆ. "ಅವನು ಉಕ್ಕಣ್ಣ ಅಲ್ವಾ?" ಎಂದ.

ಯಾರ ತಲೆ ಎಂದು ನೀನು ಕೇಳಿದ್ದೆ. ಎಲ್ಲರೂ ಕೂತು ಮಾತಾಡಿದ್ದು.

ಬಿಳಿ ಕಣ್ಣು ಒಂದು ಮಾತ್ರ ಬರೆದುಬಿಡು ಅಕ್ಕ. ಅಣ್ಣನಿಗೆ ಅದು ತುಂಬಾ ಮುಖ್ಯವಾಗಿಬಿಟ್ಟಿದೆ. ಮತ್ತೆ, ಫೋನ್ ಮಾಡಬೇಡ. ನನ್ನ ಮೇಜು ಅವನ ಪಕ್ಕದಲ್ಲೇ ಇದೆ. ಚಿತ್ರಗಳ ಕಟ್ಟಿನೊಳಗೆ ಕಾಗದ ಇಟ್ಟರೆ ಚಿಂತೆಯಿಲ್ಲ, ಅವನು ಚಿತ್ರ ನೋಡುತ್ತಾನೆ, ಅಕ್ಷರ ಇರುವ ಯಾವುದನ್ನೂ ಓದುವುದಿಲ್ಲ.

ನಿನ್ನ ತಂಗಿ

ಜೂನ್ 22

ಪುಟ್ಟಿ,

ಎಲ್ಲರೂ ಕೂತು ಮಾತಾಡಿದ್ದಂತೆ. ಎಲ್ಲರೂ ಕೂತರೆ ಬೆಂಚು ಬಿಸಿಯಾಗುತ್ತದೆ, ಕಥೆ ಹುಟ್ಟುವುದಿಲ್ಲ.

ಮೊದಲರ್ಧದ ಪುಟಗಳನ್ನು ಕಳಿಸಿದ್ದೇನೆ. ಕಣ್ಣಲ್ಲಿ ಕರಿಗುಡ್ಡೆ ಇದೆ, ಹುಡುಕಬೇಕಾಗಿಲ್ಲ. ಹುಚ್ಚು ಹೆಣ್ಣನ್ನು ಬರೆಯುವ ವಿದ್ಯೆ ನನಗೆ ಬರುವುದಿಲ್ಲ ಅಂತ ಅಲ್ಲ, ಅದಕ್ಕಿಂತ ಸೋಮಾರಿ ವಿದ್ಯೆ ಇನ್ನೊಂದಿಲ್ಲ. ಕೂದಲು ಬಿಚ್ಚಿ ಮೇಲಕ್ಕೆ ಹಾರಿಸು, ಗಾಳಿ ಇಲ್ಲದಿದ್ದರೂ ಪರವಾಗಿಲ್ಲ. ಬಾಯಿ ತೆರೆ. ಬೆರಳುಗಳನ್ನು ಕೊಕ್ಕೆ ಮಾಡು. ಬಟ್ಟೆಯ ಬಣ್ಣ ಕಪ್ಪು ಮಾಡು, ಹಾಗೇ ಅಲ್ಲಲ್ಲಿ ಹರಿದುಬಿಡು, ಹುಚ್ಚು ಹಿಡಿದವರ ಬಟ್ಟೆ ಎದೆಯ ಹತ್ತಿರವೇ ಯಾಕೆ ಹರಿಯುತ್ತದೋ ಆ ಕಪ್ಪು ಕನ್ನಡಕದವರನ್ನು ಕೇಳು. ಕೊನೆಗೆ ಕರಿಗುಡ್ಡೆ ಅಳಿಸು. ಇಷ್ಟೇ. ಕರಿಗುಡ್ಡೆ ಇಲ್ಲದವಳು ಏನು ನೋಡುತ್ತಿದ್ದಾಳೆ ಅಂತ ಯಾರೂ ಕೇಳುವ ಹಾಗಿಲ್ಲ ನೋಡು, ಕೊಲ್ಲುವುದು ಸಲೀಸು.

ನಾನು ಅವಳನ್ನು ಹೇಗೆ ಬರೆದಿದ್ದೇನೆ ಅಂದರೆ, ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಿನಲ್ಲಿ ನಿಂತು ಕಿಟಕಿಯ ಹತ್ತಿರ ಬಂದಾಗ ಕಿಟಕಿ ಮುಚ್ಚಿಸಿಕೊಂಡವಳ ಮುಖ. ನಿನಗೂ ಗೊತ್ತು ಆ ಮುಖ. ಅಂಥ ಹೆಂಗಸು ಊರನ್ನು ಎತ್ತಿದರೆ ಅದಕ್ಕೆ ಕಾರಣ ಇರುತ್ತದೆ.

ಅಣ್ಣನಿಗೆ ಹೇಳು, ನಾನು ಕೈ ಮೀರಿದವಳು, ಹೇಳಿದ್ದು ಕೇಳುವುದಿಲ್ಲ ಅಂತ. ಮನೆಯಲ್ಲಿ ಅದು ಹೊಸ ಸುದ್ದಿಯೇನಲ್ಲವಲ್ಲ.

ಅಕ್ಕ

ಜುಲೈ 1

ಅಕ್ಕ,

ಪುಟಗಳು ತಲುಪಿದವು. ನನಗೆ ಆ ಮುಖ ಬಹಳ ಇಷ್ಟವಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಣ್ಣನಿಗೆ ಇಷ್ಟವಾಗಲಿಲ್ಲ. "ಇವಳೇನು ಬಸ್ಸಿಗೆ ಕಾಯ್ತಿದ್ದಾಳಾ?" ಎಂದ. ಸಾಬೂನಿನ ಜಾಹೀರಾತು ಬರೆಯುವವನನ್ನು ಕರೆಸಿ, ಎಲ್ಲ ಪುಟದಲ್ಲೂ ಕಣ್ಣಿನ ಮೇಲೆ ಬಿಳಿ ಬಣ್ಣ ಹಚ್ಚಿಸಿದ. ಅವನು ಹಚ್ಚುವಾಗ ನಾನು ಅಲ್ಲೇ ಇದ್ದೆ. ಒಂದು ಕಡೆ ಹೆಚ್ಚಾಗಿ ಮೂಗಿನ ಮೇಲೂ ಬಿತ್ತು. "ಪ್ರಿಂಟಲ್ಲಿ ಗೊತ್ತಾಗಲ್ಲ ಬಿಡಿ ಮೇಡಂ" ಎಂದ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಆದರೆ ಅಚ್ಚಾದ ಮೇಲೆ ನೋಡಿ ನೀನು ನನ್ನನ್ನೇ ಬೈಯುತ್ತೀಯ.

ಎರಡನೇ ಅರ್ಧದ ಸಾರಾಂಶ ಇದರ ಜೊತೆಗಿದೆ. ಅದರಲ್ಲಿ ಅವಳ ಕೈ ಮೀರುವ ಮೊದಲ ದೃಶ್ಯ ಇದೆ. ವೀರರ ಸಭೆಯಲ್ಲಿ ಅವಳೊಬ್ಬಳೇ ನಿಂತಿರುತ್ತಾಳೆ. ಅವಳ ಮಾತನ್ನು ಅರ್ಧಕ್ಕೆ ತಡೆದು ಉಕ್ಕಣ್ಣ ನೀರಿನ ಲೋಟ ಮುಂದಕ್ಕೆ ತಳ್ಳುತ್ತಾನೆ, ಸಮಾಧಾನ ಮಾಡಿಕೋ ಎನ್ನುತ್ತಾನೆ. ಅವಳು ಮೇಜಿನ ಮೇಲೆ ಕೈ ಬಡಿಯುತ್ತಾಳೆ. ಮೇಜು ಚಾವಣಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಊರು.

ಆದಷ್ಟು ಬೇಗ ಕಳಿಸು. ಸಿನಿಮಾದವರಿಗೆ ತೋರಿಸಬೇಕಂತೆ.

ತಂಗಿ

ಜುಲೈ 9

ನೀರಿನ ಲೋಟ.

ನಾನು ಮನೆ ಬಿಟ್ಟ ದಿನ ಅಣ್ಣನನ್ನು ಕೇಳಿದ್ದು ಒಂದೇ. ಮುಖಪುಟದ ಮೇಲೆ "ಕಥೆ ಮತ್ತು ಚಿತ್ರ" ಅಂತ ನಿನ್ನ ಹೆಸರಿದೆ, ಕಥೆ ತಂಗಿಯದು, ಚಿತ್ರ ನನ್ನದು, ಮಧ್ಯದ "ಮತ್ತು" ಮಾತ್ರ ನಿನ್ನದಿರಬಹುದು ಎಂದೆ. ಅವನು ನೀರಿನ ಲೋಟ ಮುಂದಕ್ಕೆ ತಳ್ಳಿದ. "ನೀರು ಕುಡಿ, ಸಮಾಧಾನ ಮಾಡ್ಕೊ" ಎಂದ. ನಾನು ಮೇಜು ಬಡಿದೆ. ಇಂಕಿನ ಬಾಟ್ಲಿ ಉರುಳಿ ಮುಖಪುಟದ ಮೇಲೆ ಹರಿಯಿತು. ಆಮೇಲೆ ಇಡೀ ಬಳಗಕ್ಕೆ ಸುದ್ದಿ ಹೋಯಿತು, ದೊಡ್ಡವಳಿಗೆ ತಲೆ ಸರಿಯಿಲ್ಲ, ಕೈ ಮೀರಿಹೋಗಿದ್ದಾಳೆ ಅಂತ.

ಆ ಕೋಣೆಯಲ್ಲಿ ಇದ್ದವರು ಮೂರೇ ಜನ. ಅಣ್ಣನಿಗೆ ಲೋಟ ತಳ್ಳುವುದು ಗೊತ್ತು, ತಳ್ಳಿದ್ದು ನೆನಪಿರುವುದಿಲ್ಲ. ಈ ದೃಶ್ಯ ನಾನು ಬರೆದಿಲ್ಲ. ಉಳಿದವಳು ನೀನು.

ಆ ಮೂರ್ಖ ಯಾರು ಅಂತ ಸಿನಿಮಾದವರನ್ನೆಲ್ಲ ಬೈದು ನನ್ನ ಇಂಕು ದಂಡವಾಯಿತು. ನೀನು ನನ್ನನ್ನೇ ಹುಚ್ಚಿ ಮಾಡಿ, ಬಿಳಿ ಕಣ್ಣು ಹಚ್ಚಿಸಿ, ಉಕ್ಕಣ್ಣನ ಕೈಯಲ್ಲಿ ಕೊಲ್ಲಿಸಿ, ಅದರ ಚಿತ್ರವನ್ನೂ ನನ್ನ ಹತ್ತಿರವೇ ಬರೆಸುತ್ತಿದ್ದೀಯ. ಭೇಷ್. ಅಣ್ಣ ಸರಿಯಾಗಿಯೇ ಆರಿಸಿಕೊಂಡಿದ್ದಾನೆ, ಮನೆಯಲ್ಲಿ ಇಟ್ಟುಕೊಳ್ಳಲು ಯಾರು ಲಾಯಕ್ಕು ಅಂತ.

ಉಳಿದ ಪುಟಗಳನ್ನು ಸಾಬೂನಿನವನ ಹತ್ತಿರ ಬರೆಸಿಕೋ.

ಆಗಸ್ಟ್ 6

ಅಕ್ಕ,

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಹೌದು, ನಾನೇ ಬರೆದದ್ದು. ಸಿನಿಮಾದವರು ನಮ್ಮ ಮೆಟ್ಟಿಲು ಹತ್ತುವ ಮೊದಲೇ ಬರೆದಿಟ್ಟಿದ್ದೆ. ಆದರೆ ನೀನು ಬುದ್ಧಿವಂತೆ ಅಲ್ಲವಾ, ಒಂದನ್ನು ಮಾತ್ರ ತಪ್ಪಾಗಿ ಓದಿದ್ದೀಯ. ಕಥೆಯಲ್ಲಿ ಆ ಮೇಜು ಬಡಿದವಳು ನೀನಲ್ಲ. ಅದು ನಾನು.

ನೀನು ಮೇಜು ಬಡಿದೆ, ಬಾಗಿಲು ಬಡಿದೆ, ಎದ್ದು ಹೋದೆ. ಇಂಕು ಒರೆಸಿದವಳು ಯಾರು? ಆ ಬಟ್ಟೆ ಹಿಂಡಿ ಹಿಂಡಿ ನನ್ನ ಉಗುರಿನ ಸಂದಿ ವಾರಗಟ್ಟಲೆ ಕಪ್ಪಾಗಿತ್ತು. ಒರೆಸುತ್ತಿರುವಾಗ ಅಣ್ಣ ಹೇಳಿದ, "ನೀನೊಬ್ಬಳು ಒಳ್ಳೆಯವಳು ನೋಡು." ಆ ಮಾತು ಕೇಳಿ ನನಗೆ ಊರನ್ನೇ ಕಿತ್ತು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಬಟ್ಟೆ ಒಗೆದು ಹರವಿದೆ.

ನಿನಗೆ ಕೂಗುವುದು ಬರುತ್ತದೆ. ನನಗೆ ಬರುವುದಿಲ್ಲ. ಬಾಯಿ ತೆರೆದರೆ "ಸರಿ ಅಣ್ಣ" ಎಂದೇ ಬರುತ್ತದೆ. ಅದಕ್ಕೇ ಬರೆದೆ. ನಾನು ಬರೆದ ಕಥೆಯಲ್ಲಿ ಅವಳು ಊರನ್ನು ಎತ್ತುತ್ತಾಳೆ, ಒಂದು ಇಡೀ ಹಗಲು ಮೇಲೆ ಇಟ್ಟುಕೊಳ್ಳುತ್ತಾಳೆ, ಸಂಜೆ ಒಂದು ಲೋಟವೂ ಒಡೆಯದ ಹಾಗೆ ಇಳಿಸುತ್ತಾಳೆ. ಅಷ್ಟೇ ಕಥೆ. ತಲೆ ಕೆಡುವುದು, ಬಿಳಿ ಕಣ್ಣು, ಸಾಯುವುದು, ಇದೆಲ್ಲ ಅಣ್ಣನೂ ಆ ಕನ್ನಡಕದವರೂ ಸೇರಿಸಿದ್ದು. ನಾನು ಬೇಡ ಎನ್ನಲಿಲ್ಲ. ಸರಿ ಅಣ್ಣ ಎಂದೆ.

ನಿನ್ನ ತಿರಸ್ಕಾರ ಸಲೀಸಿನ ತಿರಸ್ಕಾರ ಅಕ್ಕ. ಸೈಕಲ್ ಅಂಗಡಿಯ ಮೇಲೆ ಕೂತು ಜಗತ್ತಿನ ಕಾಮಿಕ್ಸನ್ನೆಲ್ಲ ಜರಿಯುತ್ತೀಯ, ಬಲ ಬಂದ ಹೆಣ್ಣಿಗೆ ಹುಚ್ಚು ಹಿಡಿಸುತ್ತಾರೆ ಅಂತ. ಸರಿಯೇ. ಆದರೆ ಓದುವ ಹುಡುಗಿಯರು ಏನು ಮಾಡುತ್ತಾರೆ ಗೊತ್ತಾ? ಅವರ ಕಾಗದ ಓದುವವಳು ನಾನು, ನೀನಲ್ಲ. ಅಂಥ ಕಥೆಗಳಲ್ಲಿ ಅವಳು ಸಾಯುವ ಪುಟವನ್ನು ಅವರು ತಿರುಗಿಸಿಬಿಡುತ್ತಾರೆ. ಅವಳು ಎತ್ತುವ ಪುಟವನ್ನು ಹರಿದು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆ ಒಂದು ಪುಟಕ್ಕಾಗಿ ಉಳಿದ ಕಸವನ್ನೆಲ್ಲ ಸಹಿಸುತ್ತಾರೆ. ನಾನೂ ಸಹಿಸಿದೆ.

ಸಿನಿಮಾದ ಪೋಸ್ಟರು ಬಂದಿದೆ. ಕಥೆ ಅಂತ ಅಣ್ಣನ ಹೆಸರು. ನಾನು ಏನು ಮಾಡುತ್ತೇನೆ ಎಂದು ನಿರ್ದೇಶಕರು ಕೇಳಿದರು. "ನಮ್ಮ ತಂಗಿ, ಬಲೂನಲ್ಲಿ ಮಾತು ತುಂಬೋದಕ್ಕೆ ಸಹಾಯ ಮಾಡ್ತಾಳೆ" ಎಂದ ಅಣ್ಣ. ನಾನು ಅವರಿಬ್ಬರಿಗೂ ಕಾಫಿ ಕೊಟ್ಟೆ.

ಉಳಿದ ಪುಟಗಳನ್ನು ಬರೆಯುವುದಾದರೆ ಬರೆ, ಇಲ್ಲದಿದ್ದರೆ ಬಿಡು. ಸಾಬೂನಿನವನು ಸಿದ್ಧವಾಗಿದ್ದಾನೆ.

ಆಗಸ್ಟ್ 11

ಪುಟ್ಟಿ,

ಕಾಗದವನ್ನು ನಿಂತುಕೊಂಡೇ ಓದಿದೆ. ಆಮೇಲೆ ಕೂತೆ.

ಇಂಕು ಒರೆಸಿದ್ದು ಯಾರು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅದು ತಾನಾಗಿ ಒಣಗಿತು ಅಂದುಕೊಂಡಿದ್ದೆ ಅನ್ನಿಸುತ್ತದೆ. ನನಗೆ ನಾಚಿಕೆಯಾಗುತ್ತಿದೆ, ಅದು ನನಗೆ ಅಭ್ಯಾಸವಿಲ್ಲದ ಕೆಲಸ, ಇನ್ನು ಮುಂದಕ್ಕೆ ಎಳೆಯಬೇಡ.

ಊರು ಎತ್ತುವ ಪುಟವನ್ನು ನಾನು ಬರೆಯುತ್ತೇನೆ. ಸಾಬೂನಿನವನ ಕೈ ಮುರಿಯಲಿ. ಆದರೆ ಕೊನೆಯ ಪುಟ? ಅವಳು ಅವನ ಕೈಯಲ್ಲಿ ಹುಚ್ಚಿಯಾಗಿ ಸಾಯಬಾರದು. ಅವಳು ಸಾಯದ ಹಾಗೆ ಬರೆದರೆ ಅಣ್ಣ ಸಹಿ ಹಾಕುವುದಿಲ್ಲ. ಸಾಯುವ ಹಾಗೆ ಬರೆದರೆ ನಾನು ಈ ಜನ್ಮದಲ್ಲಿ ಕುಂಚ ಮುಟ್ಟುವುದಿಲ್ಲ. ನಿನಗೆ ಏನಾದರೂ ಹೊಳೆದರೆ ಹೇಳು. ಕಥೆ ನಿನ್ನದು.

ಅಕ್ಕ

ಆಗಸ್ಟ್ 19

ಅಕ್ಕ,

ಸಿನಿಮಾದವರಿಗೆ ಹಳೆಯ ಸಂಚಿಕೆಗಳು ಬೇಕಂತೆ, ಉಕ್ಕಣ್ಣನ ದೊಡ್ಡ ಸಾಹಸಗಳನ್ನೆಲ್ಲ ಆರಿಸಿ ಕೊಡು ಎಂದ ಅಣ್ಣ. ಗೋದಾಮಿನ ಧೂಳಿನಲ್ಲಿ ಎರಡು ದಿನ ಕೂತಿದ್ದೆ. ಬಸ್ಸು ಎತ್ತುವುದು, ಸೇತುವೆ ಹಿಡಿಯುವುದು, ರೈಲಿನ ಎಂಜಿನ್ನನ್ನು ಹೆಗಲ ಮೇಲೆ ಇಟ್ಟುಕೊಂಡು ಬೆಟ್ಟ ಹತ್ತುವುದು.

ನೆಲದ ಮೇಲೆ ಎಲ್ಲವನ್ನೂ ಸಾಲಾಗಿ ಹರವಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವನು ಭಾರದ್ದು ಏನನ್ನು ಎತ್ತಿದರೂ ಆ ಚಿತ್ರದ ಒಂದು ಮೂಲೆಯಲ್ಲಿ ಹಗುರಿ ಇದ್ದಾಳೆ. ಒಮ್ಮೆ ಕಂಬದ ಹಿಂದೆ, ಒಮ್ಮೆ ಜನರ ನಡುವೆ, ಒಮ್ಮೆ ಬರೀ ಮೊಣಕೈವರೆಗೆ. ಎಲ್ಲ ಕಡೆಯೂ ಅವಳ ಎಡಗೈ ಅವನು ಎತ್ತುತ್ತಿರುವುದರ ಕಡೆ ಚಾಚಿದೆ. ಅಂಗೈ ತೆರೆದಿದೆ.

ನಾನು ಅಷ್ಟೂ ಸಂಚಿಕೆ ಮತ್ತೆ ತಿರುವಿ ಹಾಕಿದೆ. ಅವಳು ಇಲ್ಲದ ಒಂದೇ ಒಂದು ಜಾಗದಲ್ಲೂ ಅವನು ಒಂದು ಕುರ್ಚಿಗಿಂತ ಭಾರದ್ದನ್ನು ಎತ್ತಿಲ್ಲ.

ಅಕ್ಕ, ಇದನ್ನು ನೀನು ಬೇಕಂತಲೇ ಬರೆದೆಯಾ?

ತಂಗಿ

ಆಗಸ್ಟ್ 27

ಪುಟ್ಟಿ,

ಹೌದು, ಎಲ್ಲ ಮೊದಲೇ ಯೋಚಿಸಿ ಮಾಡಿದ್ದು ಅಂತ ಬರೆಯಲು ನನಗೆ ಬಹಳ ಆಸೆ. ಸುಳ್ಳಾಗುತ್ತದೆ.

ಅಣ್ಣ ಯಾವಾಗಲೂ ಹೇಳುತ್ತಿದ್ದ, "ಮಧ್ಯದಲ್ಲಿ ಉಕ್ಕಣ್ಣ ಇರಲಿ, ಹುಡುಗೀನ ಎಲ್ಲಾದ್ರೂ ಒಂದು ಮೂಲೇಲಿ ಹಾಕು, ಪುಟಕ್ಕೆ ಲಕ್ಷಣ." ಹಾಕುತ್ತಿದ್ದೆ. ಸುಮ್ಮನೆ ನಿಂತವಳ ಕೈ ಜೋತುಬಿದ್ದರೆ ಹೆಣದ ಕೈಯ ಹಾಗೆ ಕಾಣುತ್ತದೆ, ಅದಕ್ಕೆ ಚಾಚಿಸಿದೆ. ಬೆರಳು ಮಡಿಸಿದರೆ ಬರೆಯುವುದು ಕಷ್ಟ, ಅದಕ್ಕೆ ಅಂಗೈ ತೆರೆದೆ. ಅಷ್ಟೇ. ಇಪ್ಪತ್ತು ವರ್ಷ ಕೆಲಸಗಳ್ಳತನ ಮಾಡಿದ್ದೇನೆ, ಅದು ಇವತ್ತು ನಮ್ಮನ್ನು ಕಾಯುತ್ತಿದೆ.

ನಿನ್ನ ಕಾಗದ ಓದಿ ಒಬ್ಬಳೇ ಎಷ್ಟು ಜೋರಾಗಿ ನಕ್ಕೆ ಅಂದರೆ, ಕೆಳಗಿನ ಅಂಗಡಿಯವರು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದರು. ಎಲ್ಲ ಉಕ್ಕಣ್ಣಂದಿರ ಕಥೆಯೂ ಇದೇ ಇರಬೇಕು ಪುಟ್ಟಿ. ನಮ್ಮ ಬಲ ಕೈ ಮೀರಿತು ಅಂತ ಯಾರಿಗೆ ಭಯ? ನಾವು ಕೈ ತೆಗೆದುಬಿಟ್ಟರೆ ಅಂತ ಭಯ. ಅದನ್ನು ಬಿಳಿ ಕಣ್ಣು ಅನ್ನುತ್ತಾರೆ.

ಕೊನೆಯ ಪುಟಗಳು ಇದರ ಜೊತೆಗಿವೆ. ಅಣ್ಣನಿಗೆ ಬೇಕಾದ್ದೆಲ್ಲ ಇದೆ. ಮೇಜು ಚಾವಣಿಗೆ ಹೋಗಿದೆ, ಊರು ಆಕಾಶದಲ್ಲಿದೆ, ಅದನ್ನು ಎರಡು ಪುಟ ಸೇರಿಸಿ ಒಂದೇ ಚಿತ್ರ ಮಾಡಿದ್ದೇನೆ, ಗೋಡೆಗೆ ಅಂಟಿಸಲು ಅನುಕೂಲವಾಗಲಿ. ಒಣಹಾಕಿದ ಬಟ್ಟೆಗಳು ಸಮೇತ ಎತ್ತಿದ್ದಾಳೆ. ಇಳಿಯುವಾಗ ಊರು ಉಕ್ಕಣ್ಣನ ಹೆಗಲ ಮೇಲಿದೆ, ಅಣ್ಣ ಹೇಳಿದ ಹಾಗೆ. ಹಗುರಿ ಮೂಲೆಯಲ್ಲಿದ್ದಾಳೆ, ಎಡಗೈ ಚಾಚಿ. ಲಕ್ಷಣವಾಗಿ. ಊರು ನೆಲ ಮುಟ್ಟಿದ ಮೇಲೆ ಅವನು ಕಬ್ಬಿಣದ ತೊಲೆಯಿಂದ ಅವಳನ್ನು ಹೊಡೆಯುತ್ತಾನೆ. ಅವಳು ಬೀಳುತ್ತಾಳೆ.

ಕೊನೆಯ ದೊಡ್ಡ ಚಿತ್ರದಲ್ಲಿ ಅವನು ಮಂಡಿಯೂರಿ ಎರಡೂ ಕೈಯನ್ನು ಅವಳ ಅಡಿಗೆ ಹಾಕಿ ಬಗ್ಗಿದ್ದಾನೆ. ತಲೆ ಕೆಳಗೆ, ಹಲ್ಲು ಕಚ್ಚಿದ್ದಾನೆ, ಕತ್ತಿನ ನರ ಉಬ್ಬಿದೆ, ಕಣ್ಣಲ್ಲಿ ನೀರು. ಅವಳು ಕಣ್ಣು ಮುಚ್ಚಿದ್ದಾಳೆ, ಹಾಗಾಗಿ ಸಾಬೂನಿನವನಿಗೆ ಹಚ್ಚಲು ಏನೂ ಇಲ್ಲ. ಅದರ ಕೆಳಗೆ ಒಂದು ಪುಟ್ಟ ಚೌಕ. ಅವಳ ಎಡಗೈ, ನೆಲದ ಮೇಲೆ, ಮುಷ್ಟಿ ಮುಚ್ಚಿದೆ. ಈ ಸಲ ಬೆರಳು ಮಡಿಸುವ ಕಷ್ಟ ತೆಗೆದುಕೊಂಡಿದ್ದೇನೆ.

ಪುಟದಲ್ಲಿ ಬಲೂನಿಗೆ ಬೇಕಾದಷ್ಟು ಜಾಗ ಬಿಟ್ಟಿದ್ದೇನೆ. ಇನ್ನು ನಿನ್ನ ಪಾಲು.

ಅಕ್ಕ

ಸೆಪ್ಟೆಂಬರ್ 10

ಅಕ್ಕ,

ಅಣ್ಣ ಸಹಿ ಹಾಕಿದ. ಕೊನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. "ನೋಡಿದ್ಯಾ, ಎಷ್ಟು ಸಂಕಟ ಪಡ್ತಿದ್ದಾನೆ" ಎಂದ. ಮುಷ್ಟಿಯನ್ನು ತೋರಿಸಿ, "ಪ್ರಾಣ ಹೋಯ್ತು ಅಂತ ಲೆಕ್ಕ. ಎಷ್ಟಾದರೂ ನಿಮ್ಮಕ್ಕನ ಕೈಲಿ ಕಲೆ ಇದೆ ಬಿಡು" ಎಂದ. ನಿರ್ದೇಶಕರು ಮೊದಲ ಸಲ ಕನ್ನಡಕ ತೆಗೆದು ನೋಡಿದರು. ಕಣ್ಣು ಚಿಕ್ಕವು. ಇದೇ ಕೊನೆಯ ಶಾಟ್ ಎಂದರು.

ಆಮೇಲೆ ಪುಟಗಳನ್ನು ನನ್ನ ಮೇಜಿನ ಮೇಲೆ ಇಟ್ಟು, "ಮಾತು ತುಂಬಿ ಪ್ರೆಸ್ಸಿಗೆ ಕೊಟ್ಬಿಡು" ಎಂದ.

ಸರಿ ಅಣ್ಣ ಎಂದೆ.

ತುಂಬಿದೆ, ಕೊಟ್ಟೆ. ಏನು ತುಂಬಿದೆ ಅಂತ ಹೇಳುವುದಿಲ್ಲ. ಅಂಗಡಿಗೆ ಬಂದ ಮೇಲೆ ಕೊಂಡು ಓದು.

ಪುಟ್ಟಿ

ಸೆಪ್ಟೆಂಬರ್ 24

ಪುಟ್ಟಿ,

ಪೇಪರ್ ಅಂಗಡಿಯ ಮುಂದೆ ನಿಂತೇ ಓದಿದೆ. ಕೊನೆಯ ಪುಟಕ್ಕೆ ಬಂದಾಗ ಅಂಗಡಿಯವನು, "ಯಾಕಮ್ಮ, ಹುಷಾರಿಲ್ವಾ?" ಎಂದ. ಇದನ್ನು ಬರೆದವಳು ನನ್ನ ತಂಗಿ ಎಂದೆ. ಮುಖಪುಟ ತಿರುಗಿಸಿ ನೋಡಿ, "ಇಲ್ಲಿ ಬೇರೆ ಹೆಸರಿದೆ" ಎಂದ. ಅದು ಅಚ್ಚಿನ ತಪ್ಪು ಎಂದೆ.

ನನ್ನದೇ ಚಿತ್ರ. ಒಂದು ಗೆರೆ ಬದಲಾಗಿಲ್ಲ. ಆದರೂ ಮೊದಲ ಸಲ ನೋಡಿದ ಹಾಗೆ ನೋಡಿದೆ. ಉಕ್ಕಣ್ಣನ ಬಾಯಿಯ ಹತ್ತಿರ ನಿನ್ನ ಸಣ್ಣ ಬಲೂನು, "ಏಳ್ತಾ ಇಲ್ಲ." ಅದರ ಪಕ್ಕ ಇನ್ನೂ ಸಣ್ಣದು, "ಯಾಕೆ ಏಳ್ತಾ ಇಲ್ಲ?" ಅವನು ಅಳುತ್ತಿಲ್ಲ. ತಿಣುಕುತ್ತಿದ್ದಾನೆ. ಒಬ್ಬ ಹೆಂಗಸಿನ ಮೈಯನ್ನು ನೆಲದಿಂದ ಎತ್ತಲಾರದೆ ಆ ಮಹಾಶೂರನ ಕತ್ತಿನ ನರ ಉಬ್ಬಿದೆ.

ಆಮೇಲೆ ಮುಷ್ಟಿಯ ಚೌಕಕ್ಕೆ ಹೊರಗಿನಿಂದ ಬರುವ ಅವಳ ಮಾತು. "ನೀನು ಬಸ್ಸು ಎತ್ತಿದೆ. ಸೇತುವೆ ಎತ್ತಿದೆ. ಊರನ್ನೂ ಇಳಿಸಿದೆ. ಅಷ್ಟೂ ದಿನ ಹಿಂದೆ ನನ್ನ ಕೈ ಇತ್ತು. ಈಗ ತೆಗೆದಿದ್ದೀನಿ. ಎತ್ತು."

ಆ ಕೊನೆಯ "ಎತ್ತು" ಓದಿ ನನಗೆ ನೀನೆಂದರೆ ಭಯವಾಯಿತು ಪುಟ್ಟಿ. ಮೇಜು ಬಡಿದು ಬಂದ ನಾನು ಎಷ್ಟು ಸಣ್ಣ ಸದ್ದು ಮಾಡಿದ್ದೆ ಅನ್ನಿಸಿತು. ಅಣ್ಣ ಓದಿದನಾ? ನೀನು ಹೇಗಿದ್ದೀಯ? ಬೇಗ ಬರೆ, ಸುಮ್ಮನಿರಬೇಡ.

ಅಕ್ಕ

ಅಕ್ಟೋಬರ್ 8

ಅಕ್ಕ,

ಅಣ್ಣ ಓದಿರಲಿಲ್ಲ. ಸಿನಿಮಾದವರೂ ಓದಿರಲಿಲ್ಲ, ಚಿತ್ರ ನೋಡಿಯೇ ಕಣ್ಣೀರು ಹಾಕಿ ಮುಗಿಸಿದ್ದರು. ಮೊದಲು ಓದಿದವರು ಓದುಗರು. ಅವರ ಕಾಗದಗಳು ಮೂಟೆಯಲ್ಲಿ ಬಂದವು. ಉಕ್ಕಣ್ಣನ ಅಭಿಮಾನಿಗಳು ಬೈದಿದ್ದಾರೆ. ಹುಡುಗಿಯರು ಹಳೆಯ ಸಂಚಿಕೆಗಳನ್ನು ತೆಗೆದು ಮೂಲೆಯಲ್ಲಿ ಎಡಗೈ ಹುಡುಕುತ್ತಿದ್ದಾರೆ, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಕಳಿಸುತ್ತಿದ್ದಾರೆ. ನಾವು ಗಮನಿಸದೆ ಬಿಟ್ಟವೂ ಇವೆ. ಅಪ್ಪನ ಕಾಲದ ಚೀಲದ ಚಿತ್ರವನ್ನೂ ಯಾರೋ ಕಳಿಸಿದ್ದಾರೆ.

ಅಣ್ಣ ಆಗ ಸಂಚಿಕೆ ತೆಗೆದು, ಬೆರಳಿಟ್ಟು ಓದಿದ. ಮುಗಿಸಿ ನನ್ನ ಕಡೆ ನೋಡಿದ. ನೀರಿನ ಲೋಟ ಹುಡುಕುತ್ತಿದ್ದ ಎಂದು ಕಾಣುತ್ತದೆ, ಮೇಜಿನ ಮೇಲೆ ಇರಲಿಲ್ಲ. "ಆಗಿದ್ದು ಆಯ್ತು. ಮುಂದಿನ ಸಂಚಿಕೇಲಿ ಇದನ್ನೆಲ್ಲ ಸರಿ ಮಾಡ್ಬಿಡು. ಅವಳು ಸತ್ತಳು, ಅವನು ಎತ್ತಿದ, ಅಷ್ಟೇ" ಎಂದ.

"ನೀವೇ ಬರೀರಿ ಅಣ್ಣ, ಕಥೆ ನಿಮ್ಮದೇ ಅಲ್ವಾ" ಎಂದೆ. ಮೆಲ್ಲಗೇ ಹೇಳಿದೆ, ನನಗೆ ಬರುವುದು ಅಷ್ಟೇ. ಹೇಳಿ ಪೆನ್ನಿನ ಮುಚ್ಚಳ ಹಾಕಿದೆ.

ಆಮೇಲಿಂದ ಅವನು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದಾನೆ. ನಿರ್ದೇಶಕರು ಫೋನ್ ಮಾಡಿದರೆ, ನಡೀತಾ ಇದೆ ಅನ್ನುತ್ತಾನೆ. "ಇದೇನು ಇವಳಿಗೆ ಇದ್ದಕ್ಕಿದ್ದ ಹಾಗೆ, ಕೈ ಮೀರಿದ್ದಾಳೆ" ಎಂದು ಅತ್ತಿಗೆಗೆ ಹೇಳುತ್ತಿದ್ದುದು ಅಡುಗೆಮನೆಯಿಂದ ಕೇಳಿಸಿತು. ನನಗೆ ಯಾವ ಬಿರುದೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಬಟ್ಟೆ ಸ್ವಲ್ಪವೇ, ಆದರೆ ಹಳೆಯ ಸಂಚಿಕೆಗಳನ್ನೆಲ್ಲ ಟ್ರಂಕಿಗೆ ತುಂಬಿದ್ದೇನೆ. ಬಾಗಿಲ ಹತ್ತಿರ ನಾನು ಇಡ್ತೀನಿ ಎಂದು ಅಣ್ಣ ಬಂದ. ಹಿಡಿ ಹಿಡಿದು ಒಮ್ಮೆ ಎಳೆದು ನೋಡಿ, ಸೊಂಟ ಹಿಡಿದುಕೊಂಡು ಬಿಟ್ಟುಬಿಟ್ಟ. ನಾನು ಸುಮ್ಮನೆ ನಿಂತಿದ್ದೆ.

ಬಹಳ ಭಾರ ಇದೆ ಅಕ್ಕ. ಬಸ್‌ಸ್ಟ್ಯಾಂಡಿಗೆ ಬಾ, ಒಂದು ಕಡೆ ನೀನು ಹಿಡಿ.

ಪುಟ್ಟಿ